ಸ್ಟಾಕ್‌ಫಿಶ್ ಒಂದೇ, ಯಂತ್ರ ಮೂರು: ಹುಬ್ಬಳ್ಳಿ ಬಿಸಿಲಿಗೆ ಯಾವುದು ತಾಳುತ್ತದೆ?

ಸ್ಟಾಕ್‌ಫಿಶ್ ಅಂದರೆ ಚೆಸ್ ಆಡುವ ಪ್ರೋಗ್ರಾಂ, ಅಂದರೆ ಚೆಸ್ ಎಂಜಿನ್. ಅದರ ವೇಗದ ಹೋಲಿಕೆಗೆ ಇಟ್ಟುಕೊಂಡ ಯಂತ್ರಗಳು ಮೂರು: ಮೂರನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್ ಇರುವ ಹಳೇ ಲ್ಯಾಪ್‌ಟಾಪ್, ಎಎಂಡಿ ರೈಜೆನ್ 5 3600 ಪ್ರೊಸೆಸರಿನ ಡೆಸ್ಕ್‌ಟಾಪ್, ಎಂಟು ಕೋರ್‌ನ ಆಂಡ್ರಾಯ್ಡ್ ಫೋನು. ಪರೀಕ್ಷೆ ಒಮ್ಮೆ ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯ ತಗಡಿನ ಮಾಡಿನ ಕೋಣೆಯಲ್ಲಿ, ಇನ್ನೊಮ್ಮೆ ಜುಲೈ ಮಳೆಯಲ್ಲಿ ಧಾರವಾಡದ ಹಂಚಿನ ಮನೆಯಲ್ಲಿ.

ಮೊದಲು ಮೂರರಲ್ಲೂ ಸ್ಟಾಕ್‌ಫಿಶ್ ತೆರೆದು, ವೇಗ ಅಳೆಯುವ 'ಬೆಂಚ್' (bench) ಆದೇಶ ಟೈಪ್ ಮಾಡಿ. ಕೊನೆಗೆ, ಹಿಡಿದ ಸಮಯದ ಕೆಳಗೆ, ಎರಡು ಸಂಖ್ಯೆ ಕಾಣುತ್ತವೆ: ಹುಡುಕಿದ ಒಟ್ಟು ನೋಡ್‌ಗಳು (ಲೆಕ್ಕ ಹಾಕಿ ನೋಡಿದ ಚೆಸ್ ಸ್ಥಾನಗಳು), ಸೆಕೆಂಡಿಗೆ ಎಷ್ಟು ನೋಡ್. ಆವೃತ್ತಿ ಒಂದೇ ಆಗಿದ್ದು, ಥ್ರೆಡ್ (ಏಕಕಾಲಕ್ಕೆ ಓಡುವ ಲೆಕ್ಕದ ಎಳೆ) ಒಂದೇ ಒಂದು ಇದ್ದರೆ ಮೊದಲ ಸಂಖ್ಯೆ ಫೋನಿನಲ್ಲೂ ಡೆಸ್ಕ್‌ಟಾಪಿನಲ್ಲೂ ಅಂಕಿಗೆ ಅಂಕಿ ಒಂದೇ ಬರಬೇಕು. ಬರಲಿಲ್ಲ ಅಂದರೆ ಆವೃತ್ತಿಯೋ, ಸ್ಥಾನದ ಬಲಾಬಲ ತೂಗುವ ನ್ಯೂರಲ್ ಜಾಲದ ಫೈಲೋ ಬೇರೆ ಇದೆ. ಅಲ್ಲಿಗೇ ನಿಲ್ಲಿಸಿ ಸರಿಪಡಿಸಿ. ಅಂದರೆ ಯಂತ್ರ ಬದಲಾದರೆ ಸ್ಟಾಕ್‌ಫಿಶ್‌ನ ಬುದ್ಧಿ ಬದಲಾಗುವುದಿಲ್ಲ, ವೇಗ ಮಾತ್ರ ಬದಲಾಗುತ್ತದೆ. ಅರ್ಧ ವೇಗದ ಯಂತ್ರ ಹೇಗೆ ಆಡುತ್ತದೆಂದು ನೋಡಲು ಎರಡನೇ ಯಂತ್ರವೇ ಬೇಡ: ಒಂದರಲ್ಲೇ ಒಂದು ಕಡೆಗೆ ಅರ್ಧ ಸಮಯ ಕೊಟ್ಟು ಆಡಿಸಿದರೆ ಸಾಕು.

ಬಿಲ್ಡ್, ಅಂದರೆ ಪ್ರೊಸೆಸರಿಗೆ ತಕ್ಕಂತೆ ಕಟ್ಟಿದ ಪ್ರೋಗ್ರಾಂ ಫೈಲು, ಆರಿಸುವಲ್ಲೇ ಬಹಳ ಜನ ಎಡವುತ್ತಾರೆ. 2020ರಲ್ಲಿ ಸ್ಟಾಕ್‌ಫಿಶ್ 12ರಿಂದ ನ್ಯೂರಲ್ ಜಾಲದ ಲೆಕ್ಕ ಬಂತು. ಅದು ವೇಗವಾಗಿ ಓಡಬೇಕಾದರೆ ಪ್ರೊಸೆಸರಿನಲ್ಲಿ ಎವಿಎಕ್ಸ್2 ಎಂಬ ಸೂಚನೆಗಳ ಗುಂಪು ಇದ್ದರೆ ಚೆನ್ನ. ಮೂರನೇ ತಲೆಮಾರಿನ ಐ5ನಲ್ಲಿ ಅದಿಲ್ಲ. ಎವಿಎಕ್ಸ್2 ಬಿಲ್ಡ್ ಹಾಕಿದರೆ ಪ್ರೋಗ್ರಾಂ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಹಳೇ ಪ್ರೊಸೆಸರ್‌ಗಳಿಗೆ ಹೊಂದುವ ಪಾಪ್‌ಕೌಂಟ್ (popcnt) ಬಿಲ್ಡ್ ಹಾಕಬೇಕು. ರೈಜೆನ್ 3600ರ ತೊಂದರೆ ತಿರುಗುಮುರುಗು: ಬಿಎಂಐ2 ಬಿಲ್ಡ್ ಓಡುತ್ತದೆ, ಆದರೆ ಈ ಪ್ರೊಸೆಸರಿನ ಝೆನ್ 2 ವಿನ್ಯಾಸದಲ್ಲಿ ಆ ಬಿಲ್ಡ್ ನೆಚ್ಚಿಕೊಂಡ ಪೆಕ್ಸ್ಟ್ ಸೂಚನೆ ನಿಧಾನ. ಅದಕ್ಕೆ ಎವಿಎಕ್ಸ್2 ಬಿಲ್ಡೇ ಸರಿ. ಝೆನ್ 3ರಿಂದ ಮೇಲೆ ಬಿಎಂಐ2 ಧೈರ್ಯವಾಗಿ ಹಾಕಿ.

ಇನ್ನು ಬಿಸಿಲಿನ ಮಾತು. ಬೆಂಚ್ ಕೆಲವೇ ಸೆಕೆಂಡಿನ ಆಟ, ಅಷ್ಟರಲ್ಲಿ ಯಾವ ಫೋನೂ ಬಿಸಿಯಾಗುವುದಿಲ್ಲ. ಅದಕ್ಕೆ 'ಗೋ ಮೂವ್‌ಟೈಮ್ 600000' (go movetime 600000) ಆದೇಶ ಕೊಡಿ. ಲೆಕ್ಕ ಮಿಲಿಸೆಕೆಂಡಿನಲ್ಲಿ, ಅಂದರೆ ಹತ್ತು ನಿಮಿಷ. ಪರದೆಯಲ್ಲಿ ಕಾಣುವ ವೇಗ ಆರಂಭದಿಂದ ಅಲ್ಲಿಯವರೆಗಿನ ಸರಾಸರಿ, ಅದು ಕುಸಿತವನ್ನು ಮುಚ್ಚಿಡುತ್ತದೆ. ಹತ್ತನೇ ನಿಮಿಷದ ನೋಡ್‌ಗಳಿಂದ ಒಂಬತ್ತನೆಯದನ್ನು ಕಳೆದು 60ರಿಂದ ಭಾಗಿಸಿ, ಆಗ ನಿಜ ಸಿಗುತ್ತದೆ. ಫೋನಿಗೆ ಎಂಟು ಥ್ರೆಡ್ ಕೊಟ್ಟಾಗ ಮೊದಲ ನಿಮಿಷ ಹಳೇ ಲ್ಯಾಪ್‌ಟಾಪಿಗಿಂತ ಮುಂದಿತ್ತು, ಏಪ್ರಿಲ್‌ನಲ್ಲಿ ಹತ್ತನೇ ನಿಮಿಷಕ್ಕೆ ಆ ಮುನ್ನಡೆ ಕರಗಿತು. ಫೋನಿನಲ್ಲಿ ವೇಗದ ದೊಡ್ಡ ಕೋರ್‌ಗಳು ಎಷ್ಟಿವೆಯೋ ಅಷ್ಟೇ ಥ್ರೆಡ್ ಕೊಟ್ಟು, ಕವರ್ ತೆಗೆದು, ಚಾರ್ಜರ್ ಕಿತ್ತು, ಫ್ಯಾನಿನ ಗಾಳಿಗಿಟ್ಟರೆ ಬಹಳ ಸ್ಥಿರ. ಧಾರವಾಡದ ಮಳೆಯಲ್ಲಿ ಈ ಉಪಚಾರ ಬೇಕಾಗಲೇ ಇಲ್ಲ. ಲ್ಯಾಪ್‌ಟಾಪಿನ ಫ್ಯಾನಿಗೆ ಕಟ್ಟಿದ ಧೂಳು ತೆಗೆದು ಹೊಸ ಥರ್ಮಲ್ ಪೇಸ್ಟ್ ಹಚ್ಚಿದರೆ ಅದೂ ಚೇತರಿಸಿಕೊಳ್ಳುತ್ತದೆ. ಡೆಸ್ಕ್‌ಟಾಪ್ ಎರಡೂ ಊರಲ್ಲಿ ಅಲುಗಾಡಲಿಲ್ಲ.

ಥ್ರೆಡ್ ಹೆಚ್ಚಿಸಿ ಪಡೆದ ಎರಡರಷ್ಟು ವೇಗ, ಸಮಯ ಎರಡರಷ್ಟು ಕೊಟ್ಟಿದ್ದಕ್ಕೆ ಸಮವಲ್ಲ; ಹಲವು ಥ್ರೆಡ್‌ಗಳು ಒಂದೇ ಕೊಂಬೆಯನ್ನು ಮತ್ತೆ ಮತ್ತೆ ತಡಕುತ್ತವೆ. ಹ್ಯಾಷ್‌ಗೆ (ನೋಡಿದ ಸ್ಥಾನಗಳನ್ನು ನೆನಪಿಡುವ ಜಾಗ) 4 ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ 1024 ಎಂಬಿ ಸಾಕು. ಖಾಲಿ ಮೆಮೊರಿ ಮೀರಿ ಕೊಟ್ಟರೆ ಡಿಸ್ಕಿಗೆ ಬರೆಯಲು ಶುರುಮಾಡಿ ವೇಗ ನೆಲಕಚ್ಚುತ್ತದೆ.

ಎಂಜಿನ್‌ಗಳನ್ನು ಎದುರುಬದುರು ಆಡಿಸಲು ಕ್ಯೂಟ್‌ಚೆಸ್ ಎಂಬ ಪ್ರೋಗ್ರಾಂ ಒಳ್ಳೆಯದು. ಪ್ರತಿ ಆರಂಭವನ್ನೂ ಬಣ್ಣ ಬದಲಿಸಿ ಎರಡು ಸಲ ಆಡಿಸಿ. ನೂರು ಆಟದಲ್ಲಿ 55–45 ಬಂದರೆ 35 ಎಲೋ (ಚೆಸ್ ಬಲದ ಅಂಕ) ಮುನ್ನಡೆ ಅನ್ನಿಸುತ್ತದೆ, ಆದರೆ ಅರ್ಧ ಆಟ ಡ್ರಾ ಆಗಿದ್ದರೂ ದೋಷದ ಅಂತರ ಎರಡೂ ಕಡೆ 50ರ ಹತ್ತಿರ. ಅದನ್ನು ಗೆಲುವೆನ್ನಬೇಡಿ, ಸಾವಿರ ಆಟ ಬೇಕು. ನಡುವೆ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿದು ವೇಗ ತಗ್ಗಿಸುತ್ತದೆ. ಆ ಹೊತ್ತಿನ ಆಟಗಳನ್ನು ಫೈಲಿನಿಂದ ತೆಗೆದುಹಾಕಿ.

ಲೀಲಾ ಚೆಸ್ ಜೀರೋ ಎಂಬ ಇನ್ನೊಂದು ಎಂಜಿನನ್ನು ಈ ಸಾಲಿನಲ್ಲಿ ಇಡಲೇಬಾರದು. ಅದು ಚೆನ್ನಾಗಿ ಓಡಲು ಗ್ರಾಫಿಕ್ಸ್ ಕಾರ್ಡ್ ಬೇಕು, ಅದರ ನೋಡ್‌ನ ತೂಕವೇ ಬೇರೆ. ನೋಡ್ ಸಂಖ್ಯೆಗೆ ಮರುಳಾಗುವವರು ಐಬಿಎಂನ ಚೆಸ್ ಕಂಪ್ಯೂಟರ್ ಡೀಪ್ ಬ್ಲೂ ನೆನೆಯಲಿ: 1997ರಲ್ಲಿ ಸೆಕೆಂಡಿಗೆ 20 ಕೋಟಿ ಸ್ಥಾನ ನೋಡಿ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು 3.5–2.5ರಿಂದ ಸೋಲಿಸಿತು. ಈ ಡೆಸ್ಕ್‌ಟಾಪ್ ಅಷ್ಟರ ಹತ್ತಿರಕ್ಕೂ ಬರುವುದಿಲ್ಲ, ಆದರೂ ಅದಕ್ಕಿಂತ ಎಷ್ಟೋ ಬಲವಾಗಿ ಆಡುತ್ತದೆ.

ಆಡಿದ ಆಟ ತಿದ್ದಿಕೊಳ್ಳುವುದಷ್ಟೇ ಉದ್ದೇಶವಾಗಿದ್ದರೆ ಧೂಳು ತೆಗೆದ ಹಳೇ ಲ್ಯಾಪ್‌ಟಾಪೇ ಸಾಕು, ಹೊಸ ಫೋನಿಗೆ ದುಡ್ಡು ಸುರಿಯಬೇಡಿ. ಎಂಜಿನ್‌ಗಳನ್ನು ಸಾವಿರಗಟ್ಟಲೆ ಆಟಕ್ಕೆ ಹಚ್ಚುವವರಿಗೆ ಡೆಸ್ಕ್‌ಟಾಪೇ ಬೇಕು, ಜೊತೆಗೊಂದು ಯುಪಿಎಸ್.