ಮಗು ತೂಗುವ ತಕ್ಕಡಿ ಚೆನ್ನಾಗಿದೆ, ಜೊತೆಗೆ ಕೊಟ್ಟ ಚಾರ್ಟ್ ಬಿಸಾಕಿ

ದಾವಣಗೆರೆ ಪಿ.ಜೆ. ಬಡಾವಣೆಯ ಒಂದು ಸರ್ಜಿಕಲ್ ಅಂಗಡಿಯಲ್ಲಿ ಈ ಡಿಜಿಟಲ್ ತಕ್ಕಡಿ ತಗೊಂಡೆವು. ತಂಗಿ ಬಾಣಂತನಕ್ಕೆ ಬಂದಿದ್ದಾಳೆ. ಮಗಳು 34 ವಾರಕ್ಕೇ ಹುಟ್ಟಿದ್ದು, ಹುಟ್ಟಿದಾಗ 2.1 ಕೆಜಿ. ತಕ್ಕಡಿ ಬಗ್ಗೆ ದೂರಿಲ್ಲ. ತಟ್ಟೆ ಅಗಲವಾಗಿದೆ, ಬಟ್ಟೆ ಹಾಸಿ ಸೊನ್ನೆ ಮಾಡುವ ಬಟನ್ ಇದೆ, ಕೂಸು ಕೈಕಾಲು ಆಡಿಸಿದರೂ ಸ್ವಲ್ಪ ಹೊತ್ತಿಗೆ ಅಂಕಿ ನಿಲ್ಲುತ್ತದೆ. ಸೆಲ್ ಮಾತ್ರ ಬೇಗ ಖಾಲಿ.

ತಕರಾರು ಇರೋದು ಡಬ್ಬದೊಳಗಿನ ಚಾರ್ಟಿನದು, ಅಂದರೆ ವಯಸ್ಸಿಗೆ ತಕ್ಕ ತೂಕ ತೋರಿಸುವ ಗೆರೆಗಳ ಹಾಳೆಯದು. ಗಂಡು, ಹೆಣ್ಣು ಎರಡಕ್ಕೂ ಒಂದೇ ಗೆರೆ, ಅದೂ ದಿನ ತುಂಬಿ ಹುಟ್ಟಿದ ಮಕ್ಕಳ ಲೆಕ್ಕ, ಯಾವ ದೇಶದ ಯಾವ ಮಕ್ಕಳನ್ನು ಅಳೆದು ಮಾಡಿದ್ದು ಅಂತ ಒಂದು ಸಾಲೂ ಇಲ್ಲ. ನಮ್ಮ ಕೂಸು ನೇರ ಕೆಂಪು ಪಟ್ಟಿಗೆ ಬಿತ್ತು. ಶುರುವಾಯ್ತು ನೋಡಿ ಮನೆಯಲ್ಲಿ: ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ಹಾಕಿ ಅಂತ. ಬಾಣಂತಿ ಅಳೋದೊಂದು ಬಾಕಿ.

ಮಕ್ಕಳ ಡಾಕ್ಟರು ಫೆಂಟನ್ ಚಾರ್ಟ್ ತೆಗೆದು ತೋರಿಸಿದರು. ಅವಧಿಗೆ ಮುಂಚೆ ಹುಟ್ಟಿದವರಿಗೆಂದೇ ಮಾಡಿದ್ದು, ಬಸುರಿನ ಲೆಕ್ಕದ 22ನೇ ವಾರದಿಂದ 50ನೇ ವಾರದವರೆಗೆ (ಹುಟ್ಟಿದ ಮೇಲೂ ಅದೇ ಎಣಿಕೆ ಮುಂದುವರಿಯುತ್ತದೆ), ಹುಡುಗ ಹುಡುಗಿಗೆ ಬೇರೆ ಬೇರೆ. ಅದರಲ್ಲಿ 34 ವಾರಕ್ಕೆ 2.1 ಕೆಜಿ ಅಂದರೆ ಹೆಚ್ಚೂಕಡಿಮೆ ನಡುವಿನ ಗೆರೆಯೇ! 2014ರಲ್ಲಿ ಬಂದ ಇಂಟರ್‌ಗ್ರೋತ್-21 ಅಂತ ಇನ್ನೊಂದಿದೆ, ಎಂಟು ದೇಶಗಳಲ್ಲಿ ಅಳೆದದ್ದು, ಅದರಲ್ಲಿ ನಮ್ಮ ನಾಗ್ಪುರವೂ ಸೇರಿದೆ.

ದಿನ ತುಂಬಿ ಹುಟ್ಟಿದ ಮಗುವಾದರೆ ಇಷ್ಟು ಹುಡುಕಾಟ ಬೇಡ. ತಾಯಿ ಕಾರ್ಡಿನಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದ ಗೆರೆಗಳಿವೆ, ಪುಕ್ಕಟೆ. ಅದರ ಪ್ರಕಾರ ಹುಟ್ಟಿದಾಗಿನ ನಡುವಿನ ತೂಕ ಹೆಣ್ಣಿಗೆ 3.2, ಗಂಡಿಗೆ 3.3 ಕೆಜಿ.

ತಕ್ಕಡಿ ಮನೆಯಲ್ಲಿದೆ ಅಂತ ದಿನಾ ತೂಗಬೇಡಿ. ಮೊದಲ ಕೆಲವು ದಿನ ತೂಕ ಇಳಿಯೋದು ಮಾಮೂಲು, ದಿನ ತುಂಬಿದವು ಸಾಮಾನ್ಯವಾಗಿ ಎರಡು ವಾರದೊಳಗೆ ವಾಪಸ್ ಬರುತ್ತವೆ, ನಮ್ಮಂಥವಕ್ಕೆ ಇನ್ನೂ ಸ್ವಲ್ಪ ಹಿಡಿಯಬಹುದು. ನಾವು ವಾರಕ್ಕೊಮ್ಮೆ ತೂಗಿ ಚುಕ್ಕೆ ಇಡುತ್ತೇವೆ, ಗೆರೆ ಯಾವ ಕಡೆ ಹೋಗ್ತಿದೆ ಅಂತ ಡಾಕ್ಟರು ನೋಡುತ್ತಾರೆ.

ಜೊತೆಗೆ ಬಂದ ಟೇಪು ತಲೆ ಸುತ್ತಳತೆಗೆ ಸಾಕು. ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿದ ಭಾಗದ ಮೇಲೆ ಸುತ್ತಿದರಾಯಿತು. ಉದ್ದಕ್ಕೆ ಮಾತ್ರ ಅದನ್ನು ನಂಬಬೇಡಿ. ಅದಕ್ಕೆ ಮಲಗಿಸಿ ಅಳೆಯುವ ಹಲಗೆ ಬೇಕು, ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ನೆಟ್ಟಗೆ ಮಾಡಬೇಕು. ಅದನ್ನು ಆಸ್ಪತ್ರೆಯಲ್ಲೇ ಮಾಡಿಸಿ.