ಹೊಸ ಗ್ರಾಫಿಕ್ಸ್ ಕಾರ್ಡೋ, ವಿಆರ್ ಹೆಡ್‌ಸೆಟ್ಟೋ: ಎರಡನ್ನೂ ಆಡಿ ನೋಡಿದ ಮೇಲೆ

ಕೂಡಿಟ್ಟ ಹಣದಲ್ಲಿ ಎರಡರಲ್ಲಿ ಒಂದನ್ನು ಮಾತ್ರ ಕೊಳ್ಳುವುದು ಸಾಧ್ಯವಿತ್ತು. ಒಂದು, ಕೃತಕ ಬುದ್ಧಿಮತ್ತೆಯ (ಎಐ) ನೆರವಿನಿಂದ ಹೆಚ್ಚುವರಿ ಫ್ರೇಮ್‌ಗಳನ್ನು, ಅಂದರೆ ಪರದೆಯಲ್ಲಿ ಒಂದರ ಹಿಂದೊಂದು ಬರುವ ಬಿಡಿ ಚಿತ್ರಗಳನ್ನು, ತಾನೇ ರಚಿಸಿಕೊಡುವ ಹೊಸ ಪೀಳಿಗೆಯ ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರಗಳನ್ನು ಬಿಡಿಸುವ ಕಂಪ್ಯೂಟರ್ ಭಾಗ). ಇನ್ನೊಂದು, ಕಣ್ಣಿಗೆ ಕಟ್ಟಿಕೊಂಡು ಆಟದೊಳಗೇ ಇರುವಂತೆ ಸುತ್ತಲೂ ನೋಡಬಹುದಾದ, ಬಿಡಿಯಾಗಿಯೂ ಕಂಪ್ಯೂಟರಿಗೆ ಜೋಡಿಸಿಯೂ ಬಳಸಬಹುದಾದ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್. ನಾನು ಹೆಡ್‌ಸೆಟ್ ಕೊಂಡೆ, ಹಳೆಯ ಕಾರ್ಡನ್ನೇ ಉಳಿಸಿಕೊಂಡೆ, ಆ ಆಯ್ಕೆ ನನ್ನ ಮಟ್ಟಿಗೆ ಸರಿಯಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕೊಳ್ಳದೆ ಬಿಟ್ಟ ಆ ಹೊಸ ಕಾರ್ಡ್ ತಮ್ಮನ ಕಂಪ್ಯೂಟರಿನಲ್ಲಿ ಇರುವುದರಿಂದ, ಒಂದೇ ಆಟವನ್ನು ಎರಡೂ ಬಗೆಯಲ್ಲಿ ಸಾಕಷ್ಟು ಕಾಲ ಆಡಿ ಹೋಲಿಸುವ ಅವಕಾಶ ಸಿಕ್ಕಿತು. ತೂಕ, ಮೆಮೊರಿ, ರೆಸಲ್ಯೂಷನ್‌ಗಳ ಪಟ್ಟಿ ಪೆಟ್ಟಿಗೆಯ ಮೇಲೆಯೇ ಇರುವುದರಿಂದ ಅದನ್ನು ಇಲ್ಲಿ ಬರೆಯುತ್ತಿಲ್ಲ.

ನಾನು ಹೆಚ್ಚಾಗಿ ಆಡುವುದು ಕಾರ್ ರೇಸಿಂಗ್ ಮತ್ತು ವಿಮಾನ ಹಾರಾಟದ ಆಟಗಳನ್ನು. ಇವೆರಡೂ ಕುಳಿತು ಆಡುವಂಥವು, ದಿನದ ಕೆಲಸ ಮುಗಿದ ಮೇಲೆ ಒಂದು ಗಂಟೆಯೊಳಗೆ ಮುಗಿಸಬಹುದಾದಂಥವು. ಕೆಳಗಿನ ಮಾತುಗಳನ್ನೆಲ್ಲ ಈ ಅಭ್ಯಾಸದ ಹಿನ್ನೆಲೆಯಲ್ಲಿಯೇ ಓದಬೇಕು.

ಮೊದಲು ಕಾರ್ಡಿನ ವಿಷಯ. ಗ್ರಾಫಿಕ್ಸ್ ಚಿಪ್ ತಯಾರಿಸುವ ಎನ್‌ವಿಡಿಯಾ ಕಂಪನಿ 2018ರಲ್ಲಿ ಡಿಎಲ್‌ಎಸ್‌ಎಸ್ ಎಂಬ ತಂತ್ರವನ್ನು ಪರಿಚಯಿಸಿತು; ಆಟವನ್ನು ಕಡಿಮೆ ರೆಸಲ್ಯೂಷನ್ನಿನಲ್ಲಿ ಚಿತ್ರಿಸಿ, ತರಬೇತಿ ಪಡೆದ ನರಜಾಲದ (ಒಂದು ಬಗೆಯ ಎಐ) ಮೂಲಕ ಅದನ್ನು ಹಿಗ್ಗಿಸಿ ತೋರಿಸುವುದು, ಅಂದರೆ ಅಪ್‌ಸ್ಕೇಲಿಂಗ್, ಇದರ ಕೆಲಸ. ಮೊದಲ ಆವೃತ್ತಿಯಲ್ಲಿ ಚಿತ್ರ ಮಸುಕಾಗುತ್ತಿತ್ತು. 2020ರ ಎರಡನೆಯ ಆವೃತ್ತಿಯಿಂದ ಅದು ನಿಜಕ್ಕೂ ಉಪಯೋಗಕ್ಕೆ ಬಂತು. 2022ರಲ್ಲಿ ಇಡೀ ಫ್ರೇಮನ್ನೇ ಕೃತಕವಾಗಿ ರಚಿಸುವ ಫ್ರೇಮ್ ಜನರೇಷನ್ ಸೇರಿತು, 2025ರಲ್ಲಿ ಒಂದು ನಿಜವಾದ ಫ್ರೇಮಿಗೆ ಮೂರರವರೆಗೆ ಕೃತಕ ಫ್ರೇಮ್‌ಗಳನ್ನು ಸೇರಿಸುವ ಸೌಲಭ್ಯ ಬಂತು. ಅಪ್‌ಸ್ಕೇಲಿಂಗ್ ಕಾಲು ಭಾಗ ಪಿಕ್ಸೆಲ್‌ಗಳನ್ನಷ್ಟೇ ಚಿತ್ರಿಸುವ ಮಟ್ಟದಲ್ಲಿದ್ದು, ನಾಲ್ಕು ಫ್ರೇಮ್‌ಗಳಲ್ಲಿ ಒಂದು ಮಾತ್ರ ನಿಜವಾದದ್ದು ಎಂದಾದರೆ, ಪರದೆಯಲ್ಲಿ ಕಾಣುವ 16 ಪಿಕ್ಸೆಲ್‌ಗಳಲ್ಲಿ 15ನ್ನು ಎಐ ಊಹಿಸಿ ತುಂಬಿರುತ್ತದೆ. ಆ ಊಹೆ ಇಷ್ಟು ಚೆನ್ನಾಗಿರುತ್ತದೆ ಎಂದು ಹತ್ತು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ತಮ್ಮನ ಮಾನಿಟರಿನಲ್ಲಿ ಮಳೆಯಲ್ಲಿ ತೊಯ್ದ ರೇಸ್ ಟ್ರ್ಯಾಕ್, ಅದರಲ್ಲಿ ಪ್ರತಿಫಲಿಸುವ ದೀಪಗಳು, ಎಲ್ಲವೂ ನನ್ನ ಹಳೆಯ ಕಾರ್ಡಿನಿಂದ ಎಂದೂ ಸಾಧ್ಯವಾಗದ ನಯದಲ್ಲಿ ಸಾಗುತ್ತವೆ.

ಆದರೆ ನೋಡುವುದಕ್ಕೆ ನಯವಾದದ್ದು ಆಡುವುದಕ್ಕೂ ಹಾಗೆಯೇ ಇರುತ್ತದೆ ಎನ್ನಲಾಗದು. ಫ್ರೇಮ್ ಜನರೇಷನ್ ಕೆಲಸ ಮಾಡುವುದು ಎರಡು ನಿಜವಾದ ಫ್ರೇಮ್‌ಗಳ ನಡುವಿನ ಚಿತ್ರವನ್ನು ರಚಿಸುವ ಮೂಲಕ. ನಡುವಿನದನ್ನು ರಚಿಸಬೇಕಾದರೆ ಎರಡನೆಯ ಫ್ರೇಮ್ ಸಿದ್ಧವಾಗಿರಬೇಕು, ಸಿದ್ಧವಾದದ್ದನ್ನು ಸ್ವಲ್ಪ ಹೊತ್ತು ತಡೆಹಿಡಿಯಬೇಕು. ಹೀಗಾಗಿ ನಾನು ಸ್ಟೀರಿಂಗ್ ತಿರುಗಿಸಿದ ಫಲ ಪರದೆಗೆ ಬರುವುದು ತಡವಾಗುತ್ತದೆ. ಆಟ ನಿಜವಾಗಿ ಸೆಕೆಂಡಿಗೆ 60 ಫ್ರೇಮ್ ಚಿತ್ರಿಸುತ್ತಿದ್ದರೆ ಈ ವಿಳಂಬ ಅಷ್ಟಾಗಿ ತಿಳಿಯುವುದಿಲ್ಲ. 30 ಫ್ರೇಮ್ ಮಾತ್ರ ಚಿತ್ರಿಸುತ್ತಿದ್ದರೆ ಒಂದೊಂದಕ್ಕೂ 33 ಮಿಲಿಸೆಕೆಂಡ್ ಹಿಡಿಯುತ್ತದೆ. ಅಂಥ ಸ್ಥಿತಿಯಲ್ಲಿ ಪರದೆಯ ಮೂಲೆಯ ಅಂಕಿ ಸೆಕೆಂಡಿಗೆ 120 ಫ್ರೇಮ್ ಎಂದು ತೋರಿಸಿದರೂ ಕಾರು ಕೈಗೆ ಭಾರವಾಗಿಯೇ ಇರುತ್ತದೆ. ಕಂಪ್ಯೂಟರ್ ತಿಣುಕುವ ಹೊತ್ತಿನಲ್ಲಿಯೇ ನೆರವು ಬೇಕಾಗುವುದು, ಆ ಹೊತ್ತಿನಲ್ಲಿಯೇ ಈ ನೆರವು ಕಡಿಮೆ ಸಿಗುವುದು. ಕಥೆಯನ್ನು ನಿಧಾನವಾಗಿ ಅನುಭವಿಸುವ ಆಟಗಳಿಗೆ ಇದು ಅಡ್ಡಿಯಲ್ಲ. ಬ್ರೇಕ್ ಯಾವಾಗ ಒತ್ತಬೇಕು ಎಂಬುದೇ ಆಟದ ಸಾರವಾಗಿರುವಾಗ ಅಡ್ಡಿಯೇ.

ಹೆಡ್‌ಸೆಟ್ ಹಾಕಿಕೊಂಡಾಗ ಬದಲಾಗುವುದು ಚಿತ್ರದ ನಯವಲ್ಲ, ದೂರವನ್ನು ಅಳೆಯುವ ನನ್ನ ಶಕ್ತಿ. ಮಾನಿಟರಿನಲ್ಲಿ ತಿರುವು ಎಷ್ಟು ಹತ್ತಿರ ಬಂತೆಂದು ತಿಳಿಯಲು ರಸ್ತೆ ಬದಿಯ ಫಲಕಗಳನ್ನು ಗುರುತಿಟ್ಟುಕೊಳ್ಳಬೇಕಿತ್ತು. ವಿಆರ್‌ನಲ್ಲಿ ಎರಡು ಕಣ್ಣುಗಳಿಗೆ ಎರಡು ಬೇರೆ ಚಿತ್ರಗಳು ಸಿಗುವುದರಿಂದ ತಿರುವಿನ ಆಳ ನೇರವಾಗಿ ಕಾಣುತ್ತದೆ. ಕಾರು ತಿರುಗುವ ಮೊದಲೇ ತಲೆ ತಿರುಗಿಸಿ ತಿರುವಿನ ಒಳಅಂಚನ್ನು ನೋಡಬಹುದು. ರಸ್ತೆಯ ಏರಿಳಿತವಂತೂ ಮಾನಿಟರಿನಲ್ಲಿ ಆಡುವಾಗ ನನಗೆ ಗೊತ್ತೇ ಇರಲಿಲ್ಲ. ವಿಮಾನ ಇಳಿಸುವಾಗ ರನ್‌ವೇ ಎಷ್ಟು ಕೆಳಗಿದೆ ಎಂಬುದನ್ನು ಮೀಟರ್ ನೋಡದೆ ಅಂದಾಜಿಸುವುದು ನನಗೆ ಸಾಧ್ಯವಾದದ್ದು ಹೆಡ್‌ಸೆಟ್ಟಿನಲ್ಲಿಯೇ. ಯಾವ ಕಾರ್ಡೂ, ಎಷ್ಟೇ ಫ್ರೇಮ್‌ಗಳನ್ನು ಸೇರಿಸಿದರೂ, ಚಪ್ಪಟೆ ಪರದೆಯಲ್ಲಿ ಇದನ್ನು ಕೊಡಲಾರದು. ನನ್ನ ಪಕ್ಷಪಾತದ ಮೂಲ ಇದೇ.

ಇದಕ್ಕೆ ಹಳೆಯ ಕಾರ್ಡ್ ತೆರಬೇಕಾದ ಬೆಲೆ ದೊಡ್ಡದು. ನನ್ನ ಹೆಡ್‌ಸೆಟ್ ಕೇಳುವ ಸೆಕೆಂಡಿಗೆ 90 ಫ್ರೇಮ್ ಎಂದರೆ ಒಂದೊಂದಕ್ಕೂ ಸುಮಾರು 11 ಮಿಲಿಸೆಕೆಂಡ್ ಮಾತ್ರ. ಪಿಕ್ಸೆಲ್‌ಗಳ ಲೆಕ್ಕಕ್ಕೆ 2023ರಲ್ಲಿ ಬಂದ ಪ್ಲೇಸ್ಟೇಷನ್ ವಿಆರ್2 ಹೆಡ್‌ಸೆಟ್ಟನ್ನು ನೋಡಬಹುದು: ಒಂದು ಕಣ್ಣಿಗೆ 2000×2040, ಎರಡಕ್ಕೂ ಸೇರಿ 80 ಲಕ್ಷಕ್ಕೂ ಹೆಚ್ಚು, ಅದು 4ಕೆ ಪರದೆಗೆ ಬಹುತೇಕ ಸಮ. ತಲೆ ಅಲುಗಿದ ಮೇಲೆ ಚಿತ್ರ ಬದಲಾಗಲು 20 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂಬುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಒಪ್ಪಿಕೊಂಡ ಗುರಿ. ನನ್ನ ಕಾರ್ಡ್ 90ರ ಗಡಿ ಮುಟ್ಟದಿದ್ದಾಗ ಹೆಡ್‌ಸೆಟ್ಟಿನ ತಂತ್ರಾಂಶ ಅದನ್ನು 45ಕ್ಕೆ ಇಳಿಸಿ, ಉಳಿದ ಅರ್ಧವನ್ನು ತಾನೇ ರಚಿಸುತ್ತದೆ. ಇದೂ ಒಂದು ಬಗೆಯ ಫ್ರೇಮ್ ರಚನೆಯೇ, ಆದರೆ ದಾರಿ ಬೇರೆ. ಇಲ್ಲಿ ಮುಂದಿನ ಫ್ರೇಮಿಗಾಗಿ ಕಾಯುವುದಿಲ್ಲ. ಹಿಂದಿನ ಫ್ರೇಮನ್ನು ತಲೆಯ ಈಗಿನ ಭಂಗಿಗೆ ತಕ್ಕಂತೆ ಮುಂದಕ್ಕೆ ಸರಿಸಲಾಗುತ್ತದೆ. ವಿಳಂಬ ಹೆಚ್ಚುವುದಿಲ್ಲ, ಬದಲಿಗೆ ವಿಮಾನದ ಕಿಟಕಿಯ ಚೌಕಟ್ಟಿನ ಸುತ್ತ, ತಿರುಗುವ ಪ್ರೊಪೆಲರಿನ ಅಂಚಿನಲ್ಲಿ ಚಿತ್ರ ನೀರಿನಂತೆ ಅಲುಗುತ್ತದೆ. ಎರಡು ದೋಷಗಳಲ್ಲಿ ಒಂದನ್ನು ಆರಿಸಿಕೊಳ್ಳುವುದಾದರೆ ನಾನು ಈ ಅಲುಗಾಟವನ್ನು ಆರಿಸಿಕೊಳ್ಳುತ್ತೇನೆ, ಏಕೆಂದರೆ ಕೈಗೂ ಕಣ್ಣಿಗೂ ಇರುವ ಹೊಂದಿಕೆ ಅದರಲ್ಲಿ ಉಳಿಯುತ್ತದೆ. ಎಐ ಅಪ್‌ಸ್ಕೇಲಿಂಗ್ ನನ್ನ ಹಳೆಯ ಕಾರ್ಡಿನಲ್ಲಿಯೂ ಇದೆ. ರೇಸಿಂಗ್‌ನಲ್ಲಿ ಅದನ್ನು ಸದಾ ಬಳಸುತ್ತೇನೆ. ವಿಮಾನದಲ್ಲಿ ಮಾತ್ರ ಬಳಸುವುದಿಲ್ಲ, ಏಕೆಂದರೆ ಬೇಗ ಬದಲಾಗುವ ಮೀಟರಿನ ಅಂಕಿಗಳ ಹಿಂದೆ ಹಳೆಯ ಅಂಕಿಗಳ ಛಾಯೆ ಉಳಿದುಕೊಂಡು ಓದಲು ಕಷ್ಟವಾಗುತ್ತದೆ.

ಇಷ್ಟಾದರೂ ಹೆಡ್‌ಸೆಟ್ ಕೊಂಡ ಆರಂಭದ ದಿನಗಳಲ್ಲಿ ನನ್ನನ್ನು ಅತಿಯಾಗಿ ಕಾಡಿದ್ದು ಫ್ರೇಮ್‌ಗಳಲ್ಲ, ನನ್ನ ಕನ್ನಡಕ. ಕನ್ನಡಕ ಹಾಕಿಕೊಂಡೇ ಬಳಸಬಹುದು ಎಂದು ಹೆಡ್‌ಸೆಟ್ಟಿನ ವಿವರದಲ್ಲಿ ಬರೆದಿತ್ತು, ಅದಕ್ಕೆಂದು ಒಂದು ಪ್ಲಾಸ್ಟಿಕ್ ಅಂತರಪಟ್ಟಿಯನ್ನೂ ಕೊಟ್ಟಿದ್ದರು. ಆ ಪಟ್ಟಿ ಹಾಕಿದಾಗ ಲೆನ್ಸ್‌ಗಳು ಕಣ್ಣಿನಿಂದ ದೂರ ಸರಿದು, ನೋಟದ ವಿಸ್ತಾರ ಕಿರಿದಾಗಿ, ಕೊಳವೆಯೊಳಗಿಂದ ನೋಡಿದಂತಾಗುತ್ತಿತ್ತು. ಪಟ್ಟಿ ತೆಗೆದರೆ ಕನ್ನಡಕದ ಗಾಜು ಹೆಡ್‌ಸೆಟ್ಟಿನ ಲೆನ್ಸಿಗೆ ತಾಗುತ್ತಿತ್ತು. ಹೆಡ್‌ಸೆಟ್ಟಿನ ಲೆನ್ಸ್ ಪ್ಲಾಸ್ಟಿಕ್ಕಿನದಾದ್ದರಿಂದ ಅದರ ಮೇಲೆ ಗೀರು ಬಿದ್ದರೆ ಅಳಿಸುವ ಉಪಾಯವಿಲ್ಲ, ಹಾಗಾಗಿ ಪ್ರತಿ ಸಲ ಹಾಕುವಾಗಲೂ ತೆಗೆಯುವಾಗಲೂ ಕೈ ಬಿಗಿಹಿಡಿದು ಕೆಲಸ ಮಾಡಬೇಕಿತ್ತು. ಸಾಲದೆಂಬಂತೆ ಹತ್ತು ನಿಮಿಷಗಳೊಳಗೆ ಮುಖದ ಬಿಸಿಗೆ ಗಾಜಿನ ಮೇಲೆ ಮಂಜು ಕಟ್ಟುತ್ತಿತ್ತು, ಓಟದ ನಡುವೆ ಎಲ್ಲವನ್ನೂ ಕಳಚಿ ಒರೆಸಿಕೊಳ್ಳಬೇಕಾಗುತ್ತಿತ್ತು.

ಹೆಡ್‌ಸೆಟ್ಟಿನ ಪರದೆ ಕಣ್ಣಿನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿರುವುದರಿಂದ, ದೂರದ್ದು ಕಾಣದ ನನ್ನಂಥವರಿಗೆ ಕನ್ನಡಕವೇ ಬೇಕಾಗುವುದಿಲ್ಲ ಎಂದು ಹಲವರು ಸಲಹೆ ಕೊಡುತ್ತಾರೆ. ಇದು ಸರಿಯಲ್ಲ. ಲೆನ್ಸ್‌ಗಳು ಪರದೆಯ ಬೆಳಕನ್ನು ಬಾಗಿಸಿ, ಚಿತ್ರ ಒಂದೆರಡು ಮೀಟರ್ ಆಚೆ ಇರುವಂತೆ ಕಣ್ಣಿಗೆ ಒದಗಿಸುತ್ತವೆ. ಆಟದೊಳಗಿನ ಬೆಟ್ಟ ದೂರದಲ್ಲಿರಲಿ, ಸ್ಟೀರಿಂಗ್ ಹತ್ತಿರದಲ್ಲಿರಲಿ, ಕಣ್ಣು ಕೇಂದ್ರೀಕರಿಸಬೇಕಾದದ್ದು ಆ ಒಂದೇ ದೂರಕ್ಕೆ. ಆದ್ದರಿಂದ ಆ ದೂರದಲ್ಲಿರುವ ಗೋಡೆಯ ಕ್ಯಾಲೆಂಡರ್ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣದವರಿಗೆ ಹೆಡ್‌ಸೆಟ್ಟಿನಲ್ಲಿಯೂ ಸ್ಪಷ್ಟವಾಗಿ ಕಾಣುವುದಿಲ್ಲ. ಓದುವುದಕ್ಕಾಗಿ ಮಾತ್ರ ಕನ್ನಡಕ ಹಾಕುವವರಿಗೆ ಬಹುಮಟ್ಟಿಗೆ ಕನ್ನಡಕವಿಲ್ಲದೆಯೇ ನಡೆಯುತ್ತದೆ.

ಇದಕ್ಕೆ ಪರಿಹಾರವಾಗಿ ಒದಗಿದ್ದು ನನ್ನ ಪವರ್‌ಗೆ ತಕ್ಕಂತೆ ತಯಾರಿಸಿ, ಹೆಡ್‌ಸೆಟ್ಟಿನ ಲೆನ್ಸಿನ ಮೇಲೆ ಕೂರಿಸುವ ಒಂದು ಜೊತೆ ಲೆನ್ಸ್. ಇವು ಬಂದ ಮೇಲೆ ಮಂಜು ಕಟ್ಟುವುದು ಕಡಿಮೆಯಾಯಿತು, ಗೀರಿನ ಭಯ ಹೋಯಿತು, ನೋಟ ಅಗಲವಾಯಿತು. ಮಾಡಿಸುವ ಮುನ್ನ ಎರಡು ಕಣ್ಣುಪಾಪೆಗಳ ನಡುವಿನ ಅಂತರವನ್ನು ಕನ್ನಡಕದ ಅಂಗಡಿಯಲ್ಲಿ ಅಳೆಸಿಕೊಂಡದ್ದು ಇನ್ನೊಂದು ರೀತಿಯಲ್ಲೂ ನೆರವಾಯಿತು. ವಯಸ್ಕರಲ್ಲಿ ಈ ಅಂತರ ಸರಾಸರಿ 63 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾಗುತ್ತದೆ. ನನ್ನ ಅಳತೆಗೆ ಹೆಡ್‌ಸೆಟ್ಟಿನ ಲೆನ್ಸ್‌ಗಳನ್ನು ಸರಿಸಿ ಹೊಂದಿಸಿದ ದಿನದಿಂದ, ಆಡಿ ಮುಗಿಸಿದ ಮೇಲೆ ಬರುತ್ತಿದ್ದ ಹಣೆನೋವು ಮಾಯವಾಯಿತು. ಅಂಗಡಿಯಲ್ಲಿ ಹೆಡ್‌ಸೆಟ್ ನೋಡುವವರು ಲೆನ್ಸ್‌ಗಳ ಅಂತರವನ್ನು ಎಷ್ಟು ಸೂಕ್ಷ್ಮವಾಗಿ ಬದಲಿಸಬಹುದು ಎಂಬುದನ್ನೇ ಮೊದಲು ಕೇಳಬೇಕು, ಪವರ್ ಲೆನ್ಸ್‌ಗಳ ಖರ್ಚನ್ನು ಹೆಡ್‌ಸೆಟ್ಟಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಅದೇ ಹೆಡ್‌ಸೆಟ್ಟನ್ನು ಕಂಪ್ಯೂಟರಿಲ್ಲದೆ ಬಿಡಿಯಾಗಿ ಬಳಸಿದಾಗ ಎರಡು ಮಾತಿನಲ್ಲಿ ಹೇಳುವಷ್ಟೇ ಇದೆ. ಬೀಟ್ ಸೇಬರ್‌ನಂತೆ ನಿಂತು ಕೈಬೀಸಿ ಆಡುವ ಆಟಗಳಿಗೆ ತಂತಿ ಇಲ್ಲದಿರುವುದು ದೊಡ್ಡ ಸುಖ. ನನ್ನ ರೇಸಿಂಗ್ ಮತ್ತು ಹಾರಾಟಕ್ಕೆ ಅದರೊಳಗಿನ ಮೊಬೈಲ್ ಚಿಪ್ಪಿನ ಶಕ್ತಿ ಸಾಲದು. ವೈಫೈ ಮೂಲಕ ಕಂಪ್ಯೂಟರಿಗೆ ಜೋಡಿಸುವವರು ಕಂಪ್ಯೂಟರಿನಿಂದ ರೌಟರಿಗೆ ತಂತಿ ಎಳೆಯುವುದು ಒಳ್ಳೆಯದು. ತಲೆ ಸುತ್ತುವಿಕೆ ಮೊದಲ ವಾರ ನನಗೂ ಇತ್ತು. ಕಣ್ಣು ಚಲನೆಯನ್ನು ಕಂಡರೂ ಒಳಕಿವಿಗೆ ಅದು ತಿಳಿಯದಿರುವುದೇ ಕಾರಣವಾದ್ದರಿಂದ, ಸುತ್ತ ಸ್ಥಿರವಾದ ಕಾಕ್‌ಪಿಟ್ ಇರುವ ಆಟಗಳಿಂದ ಆರಂಭಿಸಿ, ತಲೆ ಭಾರವಾದ ಕೂಡಲೇ ನಿಲ್ಲಿಸುತ್ತ ಬಂದರೆ ಬಹುಪಾಲು ಮಂದಿಗೆ ಅಭ್ಯಾಸವಾಗುತ್ತದೆ.

ಎಐ ವಿಷಯದಲ್ಲಿ ನಾನು ಒಲವಿಲ್ಲದವನೆಂದು ತಿಳಿಯಬಾರದು. ನನಗೆ ಅದು ಬೇಕಾಗಿರುವ ಜಾಗ ಬೇರೆ, ಅಷ್ಟೆ. ಹಳೆಯ ರೇಸಿಂಗ್ ಆಟಗಳಲ್ಲಿ ನಾನು ಹಿಂದುಳಿದರೆ ಎದುರಾಳಿಗಳೂ ನಿಧಾನವಾಗುತ್ತಿದ್ದರು, ನಾನು ಮುಂದೆ ಹೋದರೆ ಅವರಿಗೂ ವೇಗ ಬರುತ್ತಿತ್ತು. ಆದರೆ ಸೋನಿಯ ಸಂಶೋಧಕರು ರೂಪಿಸಿದ ಗ್ರ್ಯಾನ್ ಟುರಿಸ್ಮೊ ಸೋಫಿ ಎಂಬ ಎಐ ಲಕ್ಷಾಂತರ ಸಲ ತಪ್ಪಿ ತಿದ್ದಿಕೊಳ್ಳುತ್ತ ತಾನಾಗಿ ಓಡಿಸಲು ಕಲಿತ ಚಾಲಕ. ಅದು ವಿಶ್ವದ ಶ್ರೇಷ್ಠ ಮಾನವ ಆಟಗಾರರನ್ನು ಸೋಲಿಸಿದ ವಿವರ 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು, ಮರುವರ್ಷ ಅದು ಗ್ರ್ಯಾನ್ ಟುರಿಸ್ಮೊ 7 ಎಂಬ ರೇಸಿಂಗ್ ಆಟದೊಳಗೆ ಬಂತು. ಗೆಳೆಯನ ಮನೆಯಲ್ಲಿ ಅದರ ವಿರುದ್ಧ ಆಡಿದಾಗ ನನಗೆ ಹಿಡಿಸಿದ್ದು ಅದರ ವೇಗಕ್ಕಿಂತ ಅದರ ಸಭ್ಯತೆ. ಡಿಕ್ಕಿ ಹೊಡೆದರೆ ಅಂಕ ಕಳೆಯುವಂತೆ ತರಬೇತಿ ಕೊಟ್ಟಿದ್ದರಿಂದ ಅದು ನನಗೆ ತಿರುವಿನಲ್ಲಿ ಜಾಗ ಬಿಡುತ್ತದೆ, ಜಾಗ ಸಿಕ್ಕಿದರೆ ಬಿಡದೆ ನುಗ್ಗುತ್ತದೆ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರಲ್ಲಿ ಉಪಗ್ರಹ ಚಿತ್ರಗಳಿಂದ ಕಟ್ಟಡಗಳನ್ನು ಎಐ ಮೂಲಕ ಎಬ್ಬಿಸಿ ಇಡೀ ಭೂಮಿಯನ್ನು ಆಟದೊಳಗೆ ತಂದದ್ದು ಇದೇ ಸಾಲಿಗೆ ಸೇರುತ್ತದೆ. ಆ ಆಟ ಮಾಹಿತಿ ಪಡೆದ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರಜಾಲ ನಕ್ಷೆಯಲ್ಲಿ 2 ಮಹಡಿಯ ಬದಲು 212 ಎಂದು ನಮೂದಾಗಿದ್ದರಿಂದ ಮೆಲ್ಬರ್ನಿನ ಮನೆಗಳ ನಡುವೆ ಸೂಜಿಯಂಥ ಗೋಪುರವೊಂದು ಎದ್ದು ನಿಂತಿತ್ತು. ಕೊಟ್ಟ ಮಾಹಿತಿಯನ್ನು ಎಐ ಪ್ರಶ್ನಿಸುವುದಿಲ್ಲ ಎಂಬುದಕ್ಕೆ ಅದು ಸ್ಪಷ್ಟ ಉದಾಹರಣೆ. ಆದರೂ ಮನುಷ್ಯರು ಕೈಯಾರೆ ಇಡೀ ಭೂಮಿಯನ್ನು ಕಟ್ಟಿ ಮುಗಿಸುವುದು ಸಾಧ್ಯವೇ ಇರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಆ ಆಟಕ್ಕೆ ವಿಆರ್ ಸೌಲಭ್ಯ ಬಂತು, ಎಐ ಮತ್ತು ವಿಆರ್ ಎಂಬ ಎರಡು ತಂತ್ರಗಳು ಒಂದನ್ನೊಂದು ಮೇಲೆತ್ತುವುದನ್ನು ನಾನು ಅನುಭವಿಸುತ್ತಿರುವುದು ಅಲ್ಲಿಯೇ.

ಭಾಷಾ ಮಾದರಿಗಳ (ಚಾಟ್‌ಜಿಪಿಟಿಯಂಥ ಎಐ) ನೆರವಿನಿಂದ ಮಾತನಾಡುವ ಪಾತ್ರಗಳನ್ನು ಎರಡೂ ಕಡೆ ಪ್ರಯತ್ನಿಸಿದ್ದೇನೆ. ಮಾನಿಟರಿನಲ್ಲಿ ಪ್ರಶ್ನೆ ಟೈಪ್ ಮಾಡಿ ಎರಡು ಸೆಕೆಂಡ್ ಕಾಯುವುದು ಕಷ್ಟವೆನಿಸಲಿಲ್ಲ. ಹೆಡ್‌ಸೆಟ್ಟಿನಲ್ಲಿ ಕೈಯಳತೆಯ ದೂರದಲ್ಲಿ ನಿಂತು ನನ್ನ ಕಣ್ಣನ್ನೇ ನೋಡುತ್ತಿರುವ ವ್ಯಕ್ತಿ ಅಷ್ಟೇ ಹೊತ್ತು ಸುಮ್ಮನಿದ್ದರೆ ಮೈ ಮುದುಡುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಹೇಳಿದ್ದಕ್ಕೆ ವಿರುದ್ಧವಾಗಿ ಮಾತನಾಡಿದರೆ ಅಲ್ಲಿರುವುದು ಯಾರೂ ಅಲ್ಲ ಎಂಬುದು ಥಟ್ಟನೆ ಎದ್ದು ಕಾಣುತ್ತದೆ. ಅಮೆರಿಕದ ನಟರ ಸಂಘಟನೆ ಸ್ಯಾಗ್-ಆಫ್ಟ್ರಾ 2024ರ ಜುಲೈಯಲ್ಲಿ ವಿಡಿಯೋ ಗೇಮ್ ಕಂಪನಿಗಳ ವಿರುದ್ಧ ಹೂಡಿದ ಮುಷ್ಕರದಲ್ಲಿ ಒಪ್ಪಿಗೆಯಿಲ್ಲದೆ ಎಐ ಮೂಲಕ ತಮ್ಮ ದನಿಯನ್ನು ನಕಲಿಸದಂತೆ ರಕ್ಷಣೆ ಬೇಕೆಂಬುದೇ ಮುಖ್ಯ ಬೇಡಿಕೆಯಾಗಿತ್ತು. ನಟರು ಬರೆದ ಸಾಲನ್ನು ಉಸಿರು ಕೊಟ್ಟು ಹೇಳಿದಾಗ ಇರುವ ತೂಕ ಈ ಪಾತ್ರಗಳಿಗೆ ಇನ್ನೂ ಬಂದಿಲ್ಲವೆಂದು ನನಗೆ ಅನಿಸುವುದರಿಂದ, ಅವರ ಬೇಡಿಕೆ ನ್ಯಾಯವಾದದ್ದೆಂದೇ ನಾನು ಭಾವಿಸುತ್ತೇನೆ.

ಕುಳಿತು ಓಡಿಸುವ, ಹಾರಿಸುವ ಆಟಗಳು ನಿಮ್ಮ ಮುಖ್ಯ ಆಸಕ್ತಿಯಾಗಿದ್ದು, ಅಪ್‌ಸ್ಕೇಲಿಂಗ್ ಸೌಲಭ್ಯವಿರುವ ಕಾರ್ಡ್ ಈಗಾಗಲೇ ಇದ್ದರೆ, ಅದೇ ಹಣವನ್ನು ಹೆಡ್‌ಸೆಟ್ಟಿಗೆ ಹಾಕಿ ಎಂದು ಹೇಳುತ್ತೇನೆ. ಸಂಜೆಯಿಡೀ ಸೋಫಾದಲ್ಲಿ ಒರಗಿ ಕಥೆಯ ಆಟ ಆಡುವವರಿಗೆ, ಅದೇ ಕಂಪ್ಯೂಟರಿನಲ್ಲಿ ವಿಡಿಯೋ ಎಡಿಟಿಂಗ್ ಮಾಡುವವರಿಗೆ, ಆಡುತ್ತಲೇ ಮಕ್ಕಳ ಮೇಲೆ ಕಣ್ಣಿಡಬೇಕಾದವರಿಗೆ ಕಾರ್ಡೇ ಸರಿ. ತಮ್ಮನಿಗೆ ಅದು ಸರಿಯಾಗಿ ಒಗ್ಗಿದೆ. ನನ್ನ ಮುಂದಿನ ಖರೀದಿಯೂ ಕಾರ್ಡೇ ಆಗಿರುತ್ತದೆ. ಆಗ ನಾನು ನೋಡುವುದು ಅದು ಎಷ್ಟು ಫ್ರೇಮ್‌ಗಳನ್ನು ಊಹಿಸಿ ಸೇರಿಸುತ್ತದೆ ಎಂಬುದನ್ನಲ್ಲ, ಎರಡು ಕಣ್ಣುಗಳಿಗೆ ಬೇಕಾದ ನಿಜವಾದ ಫ್ರೇಮನ್ನು 11 ಮಿಲಿಸೆಕೆಂಡಿನೊಳಗೆ ಮುಗಿಸುತ್ತದೆಯೇ ಎಂಬುದನ್ನು.