ವಯಸ್ಸಾದ ಬೆಟ್ಟಾ ಮೀನಿಗೆ ಎಲೆ ಹಾಸಿಗೆ: ನಾಲ್ಕು ತಿಂಗಳು ಬಳಸಿ ನೋಡಿದ್ದು

ನಮ್ಮ ಬೆಟ್ಟಾ ಮೀನು ನೀಲನಿಗೆ ಈಗ ಹತ್ತಿರ ಹತ್ತಿರ ಮೂರೂವರೆ ವರ್ಷ. ಬೆಟ್ಟಾಗಳು ಸಾಮಾನ್ಯವಾಗಿ ಬದುಕುವುದೇ 2ರಿಂದ 4 ವರ್ಷ, ಅಂದರೆ ಇವನು ಅಜ್ಜನೇ. ಬಣ್ಣ ಮಾಸಿದೆ, ಬೆನ್ನು ಸ್ವಲ್ಪ ಗೂನಾಗಿದೆ, ಬಾಲದ ಅಂಚು ಅಲ್ಲಲ್ಲಿ ಸೀಳಿದೆ. ಅದೆಲ್ಲ ಇರಲಿ ಅಂದುಕೊಂಡಿದ್ದೆ. ಆದರೆ ಒಂದು ದಿನ ಬೆಳಿಗ್ಗೆ ಲೈಟ್ ಹಾಕಿದರೆ ತಳದ ಕಲ್ಲಿನ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಹೋಗೇಬಿಟ್ಟ ಅಂದುಕೊಂಡೆ. ಅಷ್ಟರಲ್ಲಿ ಮೈಯೆಲ್ಲ ಒದ್ದಾಡಿಸಿಕೊಂಡು ಓರೆಯಾಗಿ ಮೇಲಕ್ಕೆ ನುಗ್ಗಿ, ಒಂದು ಗುಟುಕು ಗಾಳಿ ತೆಗೆದುಕೊಂಡು, ಹಾಗೇ ಕಲ್ಲಿನಂತೆ ತಳಕ್ಕೆ ಇಳಿದ. ಐದಾರು ನಿಮಿಷಕ್ಕೆ ಮತ್ತೆ ಅದೇ. ದಿನವಿಡೀ ಅದೇ.

ಬೆಟ್ಟಾ ಸಾಕುವವರಿಗೆ ಗೊತ್ತಿರುತ್ತೆ, ಈ ಮೀನಿಗೆ ಕಿವಿರು ಒಂದೇ ಸಾಲದು. ತಲೆಯೊಳಗೆ ಲ್ಯಾಬಿರಿಂತ್ ಅಂತ ಒಂದು ಅಂಗ ಇದೆ, ಅದರಿಂದ ಮೇಲಿನ ಗಾಳಿಯನ್ನೇ ನೇರವಾಗಿ ಉಸಿರಾಡುತ್ತೆ. ಹರೆಯದಲ್ಲಿ ಇದು ವರ. ಮುಪ್ಪಿನಲ್ಲಿ ಇದೇ ಕಷ್ಟ, ಯಾಕೆಂದರೆ ಶಕ್ತಿ ಇರಲಿ ಬಿಡಲಿ ಮೇಲಕ್ಕೆ ಹೋಗಲೇಬೇಕು. ನೀಲ ಹಾಫ್‌ಮೂನ್ ಜಾತಿ, ಬಾಲ ಬಿಚ್ಚಿದರೆ ಅರ್ಧ ಚಂದ್ರ. ಅಷ್ಟು ದೊಡ್ಡ ಬಾಲ ಎಳೆದುಕೊಂಡು 30 ಸೆಂಟಿಮೀಟರ್ ಹತ್ತುವುದು ಅವನಿಗೆ ಬೆಟ್ಟ ಹತ್ತಿದ ಹಾಗೆ.

ಅದಕ್ಕೇ ಎಲೆ ಹಾಸಿಗೆ ತರಿಸಿದೆ. ನೋಡಿರದವರಿಗೆ ಹೇಳುವುದಾದರೆ, ಅಂಗೈಯಷ್ಟು ಅಗಲದ ಪ್ಲಾಸ್ಟಿಕ್ ಎಲೆ, ಒಂದು ತೊಟ್ಟು, ತೊಟ್ಟಿನ ತುದಿಗೆ ಗಾಜಿಗೆ ಅಂಟಿಕೊಳ್ಳುವ ರಬ್ಬರ್ ಬಟ್ಟಲು, ಅಷ್ಟೇ. ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಅಂಟಿಸಬೇಕು. ಮೀನು ಅದರ ಮೇಲೆ ಮಲಗುತ್ತೆ.

ಮೊದಲು ಮೂರು ಇಂಚು ಕೆಳಗೆ ಅಂಟಿಸಿದೆ. ಎರಡು ದಿನ ಅದರ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಒಂದೂವರೆ ಇಂಚಿಗೆ ಏರಿಸಿ, ಅವನು ಯಾವಾಗಲೂ ಊಟಕ್ಕೆ ಬರುವ ಮೂಲೆಗೆ ಸರಿಸಿದೆ. ಅವತ್ತು ಸಂಜೆಯೇ ಹತ್ತಿದ. ಹತ್ತಿ ಹೊಟ್ಟೆ ಊರಿದ, ಎದೆಯ ಪಕ್ಕದ ಎರಡು ಪುಟ್ಟ ರೆಕ್ಕೆಗಳನ್ನು ಬೀಸಣಿಗೆಯ ಹಾಗೆ ಆಡಿಸುತ್ತಾ ಸ್ವಲ್ಪ ಹೊತ್ತು ಇದ್ದ, ಆಮೇಲೆ ಅದನ್ನೂ ನಿಲ್ಲಿಸಿದ. ಬಾಲ ಎಲೆಯ ಅಂಚಿನಿಂದ ಕೆಳಗೆ ಜೋತುಬಿದ್ದಿತ್ತು. ಗಾಳಿ ಬೇಕಾದಾಗ ಬರೀ ಮೂತಿ ಎತ್ತಿದ, ಒಂದು ಗುಳ್ಳೆ ಬಂತು, ಮತ್ತೆ ಮೂತಿ ಇಳಿಸಿದ. ವಾರಗಟ್ಟಲೆ ಒದ್ದಾಡಿದ ಮೀನು ಅಷ್ಟು ನೆಮ್ಮದಿಯಾಗಿ ಮಲಗಿದ್ದು ನೋಡಿ ನನಗೆ ಕಣ್ಣು ತುಂಬಿ ಬಂತು.

ಹಾಗಾಗಿ ನನ್ನ ಪ್ರಕಾರ ಎಲೆಗಿಂತ ಅದನ್ನು ಎಲ್ಲಿ ಅಂಟಿಸುತ್ತೀರಿ ಅನ್ನುವುದೇ ಮುಖ್ಯ. ಮೀನು ಮಲಗಿದಾಗ ಬೆನ್ನಿನ ರೆಕ್ಕೆ ಪೂರ್ತಿ ನೀರೊಳಗೆ ಇರಬೇಕು, ಮೂತಿ ಎತ್ತಿದರೆ ಗಾಳಿ ಸಿಗಬೇಕು. ನೀರು ಆವಿಯಾಗಿ ಮಟ್ಟ ಇಳಿಯುತ್ತಾ ಇರುತ್ತೆ, ಅದನ್ನು ಗಮನಿಸದಿದ್ದರೆ ಎಲೆ ನೀರಿನ ಮಟ್ಟಕ್ಕೇ ಬಂದುಬಿಡುತ್ತೆ. ಫಿಲ್ಟರ್ ನೀರು ಬೀಳುವ ಕಡೆ ಬೇಡ. ಹೀಟರ್‌ಗೆ ತಾಗುವ ಹಾಗೂ ಬೇಡ, ಶಕ್ತಿ ಇಲ್ಲದ ಮೀನು ಒರಗಿಕೊಂಡು ಮೈ ಸುಟ್ಟುಕೊಳ್ಳಬಹುದು. ಟ್ಯಾಂಕಿಗೆ ಮುಚ್ಚಳ ಇರಲಿ, ಅವನು ಉಸಿರಾಡುವ ಗಾಳಿಯೂ ಬೆಚ್ಚಗಿರಬೇಕು.

ಇನ್ನು ದೂರುಗಳು. ಮೊದಲು ತರಿಸಿದ ಎಲೆಯ ತೊಟ್ಟಿನೊಳಗೆ ತಂತಿ ಇತ್ತು. ಬೇಕಾದ ಹಾಗೆ ಬಗ್ಗಿಸಬಹುದು ಅಂತ ಖುಷಿಪಟ್ಟಿದ್ದೆ. ಐದನೇ ವಾರಕ್ಕೆ ತುದಿಯ ಪ್ಲಾಸ್ಟಿಕ್ ಬಿರಿದು ಸೂಜಿಯಂಥ ತಂತಿ ಹೊರಗೆ ಬಂದಿತ್ತು, ಅದರ ಸುತ್ತ ಕಂದು ತುಕ್ಕು. ಪುಣ್ಯಕ್ಕೆ ನೀರು ಬದಲಿಸುವಾಗ ನನ್ನ ಬೆರಳಿಗೆ ಚುಚ್ಚಿತು, ಅವನ ಕಣ್ಣಿಗಲ್ಲ. ಮಾರಿದವರಿಗೆ ಫೋಟೋ ಸಮೇತ ಬರೆದೆ, ಉತ್ತರ ಬರಲಿಲ್ಲ. ಆಮೇಲೆ ತರಿಸಿದ್ದು ಪೂರ್ತಿ ಪ್ಲಾಸ್ಟಿಕ್ ತೊಟ್ಟಿನದು, ಬಗ್ಗುವುದಿಲ್ಲ, ಆದರೆ ಚುಚ್ಚುವುದೂ ಇಲ್ಲ. ಯಾವುದೇ ತಂದರೂ ನೀರಿಗೆ ಹಾಕುವ ಮೊದಲು ತೆಳುವಾದ ನೈಲಾನ್ ಕಾಲ್ಚೀಲವನ್ನು ಎಲೆಯ ಅಂಚು, ತೊಟ್ಟು, ಎಲ್ಲದರ ಮೇಲೂ ನಿಧಾನಕ್ಕೆ ಎಳೆದು ನೋಡಿ. ಎಲ್ಲಾದರೂ ದಾರ ಸಿಕ್ಕಿಕೊಂಡರೆ ಅಲ್ಲೇ ಮೀನಿನ ಬಾಲವೂ ಹರಿಯುತ್ತೆ.

ರಬ್ಬರ್ ಬಟ್ಟಲು ಇನ್ನೊಂದು ತಲೆನೋವು. ಗಾಜಿನ ಮೇಲೆ ಪಾಚಿಯ ಲೋಳೆ ಕಟ್ಟಿದರೆ ರಾತ್ರೋರಾತ್ರಿ ಜಾರಿ ಬೀಳುತ್ತೆ. ಎರಡು ಸಲ ಹೀಗಾಯ್ತು, ಎರಡೂ ಸಲ ಬೆಳಿಗ್ಗೆ ನೋಡಿದರೆ ನೀಲ ಮತ್ತೆ ತಳದಲ್ಲಿ. ಈಗ ಹದಿನೈದು ದಿನಕ್ಕೊಮ್ಮೆ ಗಾಜು ಒರೆಸಿ, ಬಟ್ಟಲನ್ನು ಬಿಸಿ ನೀರಲ್ಲಿ ಅದ್ದಿ ಮೆತ್ತಗೆ ಮಾಡಿ ಒತ್ತುತ್ತೇನೆ, ಆಮೇಲೆ ಬಿದ್ದಿಲ್ಲ. ತೊಳೆಯಲು ಸೋಪು ಬೇಡವೇ ಬೇಡ. ಟ್ಯಾಂಕಿನಿಂದ ತೆಗೆದ ನೀರಲ್ಲೇ ಉಜ್ಜಿದರೆ ಸಾಕು. ಎಲೆ ಮೇಲೆ ಬಿದ್ದ ಆಹಾರದ ಕಾಳು ಅಲ್ಲೇ ಕೊಳೆಯುತ್ತೆ, ದಿನಾ ತೆಗೆಯಿರಿ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇದು ಔಷಧಿ ಅಲ್ಲ. ಮೀನು ತಳ ಹಿಡಿದರೆ ವಯಸ್ಸಾಯ್ತು ಅಂತ ಸುಮ್ನೆ ಎಲೆ ತಂದು ಅಂಟಿಸಿಬಿಡಬೇಡಿ. ಮೊದಲು ನೀರು ಪರೀಕ್ಷೆ ಮಾಡಿ. ಗಲೀಜಿನಿಂದ ನೀರಲ್ಲಿ ಸೇರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಉಷ್ಣಾಂಶ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು, ತಣ್ಣಗಾದರೆ ಎಳೆ ಮೀನೂ ಜಡವಾಗಿ ಬಿದ್ದಿರುತ್ತೆ, ಜೀರ್ಣವೂ ಆಗುವುದಿಲ್ಲ. ನಾನೇ ಒಂದು ಸಲ ತಪ್ಪು ಮಾಡಿದೆ. ಎರಡನೇ ತಿಂಗಳಲ್ಲಿ ನೀಲ ಎಲೆ ಮೇಲೆ ನಿಲ್ಲಲಾಗದೆ ಒಂದು ಮಗ್ಗುಲಿಗೆ ವಾಲಿ ತೇಲುತ್ತಿದ್ದ. ಮುಪ್ಪು ಅಂತ ಎರಡು ದಿನ ಸುಮ್ಮನಿದ್ದೆ. ಮೇಲಿಂದ ನೋಡಿದಾಗ ಹೊಟ್ಟೆ ಉಬ್ಬಿದ್ದು ಕಂಡಿತು. ಪಾಪ ಅಂತ ಎಲೆ ಮೇಲೆಯೇ ಕಾಳು ಹಾಕಿ ಹಾಕಿ ಜಾಸ್ತಿ ತಿನ್ನಿಸಿದ್ದೆ, ಹೊಟ್ಟೆ ಉಬ್ಬಿ ಈಜುಚೀಲವನ್ನು ಒತ್ತುತ್ತಿತ್ತು. ಮೀನನ್ನು ನೀರಲ್ಲಿ ಸಮವಾಗಿ ಹಿಡಿದಿಡುವುದೇ ಆ ಗಾಳಿ ತುಂಬಿದ ಚೀಲ. ಎರಡು ದಿನ ಉಪವಾಸ ಹಾಕಿ, ಆಮೇಲೆ ಸ್ವಲ್ಪ ಡ್ಯಾಫ್ನಿಯಾ (ನೀರಲ್ಲಿರುವ ಪುಟ್ಟ ಜೀವಿ) ಕೊಟ್ಟೆ, ನಾಲ್ಕನೇ ದಿನ ನೆಟ್ಟಗಾದ. ಈಗ ಒಣ ಕಾಳನ್ನು ನೆನೆಸಿಯೇ ಕೊಡುವುದು, ಹೊತ್ತಿಗೆ ಎರಡೇ. ಹೊಟ್ಟೆ ಉಬ್ಬಿದರೆ ಬಟಾಣಿ ಕೊಡಿ ಅಂತ ತುಂಬಾ ಜನ ಹೇಳುತ್ತಾರೆ. ಬೆಟ್ಟಾ ಹುಳ ತಿನ್ನುವ ಮೀನು, ಅದಕ್ಕೆ ಡ್ಯಾಫ್ನಿಯಾನೇ ಸರಿ ಅನ್ನಿಸುತ್ತೆ ನನಗೆ.

ಮೇಲಿಂದ ನೋಡಿದಾಗ ಹುರುಪೆಗಳೆಲ್ಲ ನಿಮಿರಿ ಮೈ ಮುಳ್ಳುಮುಳ್ಳಾಗಿ ಕಂಡರೆ ಅದು ಡ್ರಾಪ್ಸಿ, ಒಳಗಿನ ಅಂಗಗಳು ಸೋತು ಮೈಯಲ್ಲಿ ನೀರು ತುಂಬಿಕೊಂಡಿರುತ್ತೆ. ಅದಕ್ಕೆ ಎಲೆ ಏನೂ ಮಾಡುವುದಿಲ್ಲ, ಮೀನು ನೋಡುವ ಪಶುವೈದ್ಯರು ಸಿಕ್ಕರೆ ತಡಮಾಡದೆ ಕೇಳಿ.

ಬೇರೆ ದಾರಿಗಳೂ ಇವೆ ಅಲ್ವಾ ಅಂದರೆ, ಇವೆ. ಮರಿಗಳನ್ನು ಬೇರೆ ಇಡಲು ಟ್ಯಾಂಕಿನ ಒಳಗೆ ತೂಗುಹಾಕುವ ಪೆಟ್ಟಿಗೆಯನ್ನು ಹತ್ತು ದಿನ ಹಾಕಿ ನೋಡಿದೆ. ಎಲೆ ಹತ್ತುವ ಶಕ್ತಿಯೂ ಇಲ್ಲದ ಮೀನಿಗೆ ಅದೇ ವಾಸಿ, ಆಳ ಕಡಿಮೆ, ನೀರು ಮಾತ್ರ ಅದೇ ಬೆಚ್ಚಗಿನ ನೀರು. ಆದರೆ ನೀಲ ಗೋಡೆಗೆ ಮೂತಿ ತಿಕ್ಕುತ್ತಾ ಸುತ್ತುತ್ತಲೇ ಇದ್ದ, ನೋಡಲಾಗಲಿಲ್ಲ, ತೆಗೆದೆ. ಟ್ಯಾಂಕಿನ ನೀರನ್ನೇ ಅರ್ಧಕ್ಕೆ ಇಳಿಸಬಹುದು, ಖರ್ಚಿಲ್ಲ, ಆದರೆ ನೀರು ಕಡಿಮೆಯಾದಷ್ಟೂ ಗಲೀಜು ಬೇಗ ಸೇರುತ್ತೆ, ಹೀಟರ್ ಮೇಲಿನ ಗೆರೆ ಮುಳುಗಿರಲೇಬೇಕು. ಅನೂಬಿಯಸ್ ಗಿಡದ ಗಟ್ಟಿ ಅಗಲ ಎಲೆ ಸಿಕ್ಕರೆ ಪ್ಲಾಸ್ಟಿಕ್ ಬೇಕೇ ಇಲ್ಲ. ಅದು ತುಂಬಾ ನಿಧಾನ ಬೆಳೆಯುವ ಗಿಡ, ಮೀನಿಗೆ ವಯಸ್ಸಾಗುವ ಮುಂಚೆಯೇ ಕಟ್ಟಿಗೆಗೆ ಕಟ್ಟಿ ಬೆಳೆಸಿಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ, ತಂತಿ ಇಲ್ಲದ ಎಲೆಗೆ ಮಾತ್ರ. ತಂತಿ ಇರುವುದನ್ನು ಉಚಿತವಾಗಿ ಕೊಟ್ಟರೂ ತರಬೇಡಿ. ಕಳೆದ ವಾರ ಇನ್ನೊಂದು ಎಲೆ ತಂದು ತಳಕ್ಕೂ ಮೇಲಿನ ಎಲೆಗೂ ಮಧ್ಯ ಅಂಟಿಸಿದ್ದೇನೆ. ಈಗ ನೀಲ ತಳದಿಂದ ಅಲ್ಲಿಗೆ ಬಂದು ಸ್ವಲ್ಪ ಸುಧಾರಿಸಿಕೊಂಡು, ಆಮೇಲೆ ಮೇಲಿನದಕ್ಕೆ ಹೋಗುತ್ತಾನೆ.